ಕಣ್ಣೆರಡು ಬಿಟ್ಟು

"ಕಣ್ಣೆರಡ ಬುಟ್ಟು ಎಲ್ಗಾರ ಬಡೀರಿ ಬುದ್ಧಿ, ನಮ್ಮೈದ ನಾಕಕ್ಸರ ಕಲ್ತುಕಂಡ್ರ ಸಾಕು."

ನಮ್ಮನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ನಮ್ಮಪ್ಪ ಹೆಡ್‌ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಆಡಿದ ಮಾತು ಇದು. ಈ ಪತ್ರಿಕೆ ಓದುವ ಗೆಳೆಯರಲ್ಲಿ ಬಹಳ ಮಂದಿಯ ಅಪ್ಪಂದಿರು ಇದೇ ಮಾತನ್ನು ಒಂದಲ್ಲ ಒಂದು ಶಾಲೆಯ ಬಾಗಿಲಲ್ಲಿ ನಿಂತು ಆಡಿದ್ದಾರೆ. ಆಡಿ, ಮೇಷ್ಟ್ರು ತೋರಿಸಿದ ಜಾಗಕ್ಕೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಕೂಲಿಗೆ ಹೋಗಿದ್ದಾರೆ. ನಾವು ಒಳಗೆ ಹೋಗಿ ಕೂತೆವು. ಆವತ್ತಿನಿಂದ ನಮ್ಮ ಮೈ ಬೇರೊಬ್ಬರ ಸ್ವತ್ತಾಯಿತು.

ಹೀಗೆ ಮಗುವಿನ ಮೈಯನ್ನು ಒಪ್ಪಿಸಿಕೊಡುವ ಹಕ್ಕು ಯಾರಿಗಿದೆ? ಕಲಿಸುವ ಹೆಸರಿನಲ್ಲಿ ಹೊಡೆಯುವುದು ಎಂದಾದರೂ ನ್ಯಾಯವಾದೀತೇ? ಈ ಪ್ರಶ್ನೆಯನ್ನು ನಾವು ಇಷ್ಟು ದಿನ ಕೇಳಲಿಲ್ಲ. ಭೂಮಿಯ ಪ್ರಶ್ನೆ ಕೇಳಿದೆವು, ಬಾವಿಯ ಪ್ರಶ್ನೆ ಕೇಳಿದೆವು, ದೇವಸ್ಥಾನದ ಹೊಸ್ತಿಲ ಪ್ರಶ್ನೆ ಕೇಳಿದೆವು, ಮೀಸಲಾತಿಯ ಪ್ರಶ್ನೆ ಕೇಳಿದೆವು. ಮಕ್ಕಳ ಅಂಗೈ ಮೇಲಿನ ಬಾಸುಂಡೆಯ ಪ್ರಶ್ನೆ ಮಾತ್ರ ಚಿಕ್ಕದು ಅಂತ ಬಿಟ್ಟುಬಿಟ್ಟೆವು. ಮಕ್ಕಳು ಸಂಘ ಕಟ್ಟೋದಿಲ್ಲ, ಧರಣಿ ಕೂರೋದಿಲ್ಲ, ಕರಪತ್ರ ಹಂಚೋದಿಲ್ಲ. ಅದಕ್ಕೇ ಅವರ ಪ್ರಶ್ನೆ ಯಾವ ಸಮಾವೇಶದ ಠರಾವಿನಲ್ಲೂ ಬರಲಿಲ್ಲ.

ಅಪ್ಪ ಯಾಕೆ ಹಾಗಂದ ಅನ್ನೋದನ್ನ ಮೊದಲು ನೋಡಬೇಕು. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂದಿತ್ತು. ಅದು ಬಂದ ಮೇಲೂ ಅಪ್ಪ ಎಂಟನೇ ವಯಸ್ಸಿಗೆ ಊರಿನ ದೊಡ್ಡ ಮನೆಯಲ್ಲಿ ದನ ಕಾಯುವ ಜೀತಕ್ಕೆ ಸೇರಿದವನು. ತಾತ ಅವನ ಕೈಹಿಡಿದು ಕರೆದುಕೊಂಡು ಹೋಗಿ ಜಗಲಿಯ ಕೆಳಗೆ ನಿಲ್ಲಿಸಿ, "ಕಣ್ಣೆರಡ ಬುಟ್ಟು ಎಲ್ಗಾರ ಬಡೀರಿ ಬುದ್ಧಿ, ಹೈದ ಗೇಯೋದ ಕಲ್ತ್ರ ಸಾಕು" ಅಂದಿದ್ದನಂತೆ. ಅಪ್ಪನಿಗೆ ಆ ಮಾತು ಬಾಯಿಪಾಠವಾಗಿತ್ತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಮಾತನ್ನು ಜಗಲಿಯ ಮುಂದಿನಿಂದ ಶಾಲೆಯ ಮುಂದಕ್ಕೆ ಹೊತ್ತು ತಂದ. ಗೇಯೋದು ಅನ್ನೋ ಕಡೆ ಅಕ್ಸರ ಅಂದ, ಅಷ್ಟೇ. ಬಡೀರಿ ಅನ್ನೋದು ಬದಲಾಗಲಿಲ್ಲ.

ಅಪ್ಪನ ಮಾತನ್ನು ಪ್ರೀತಿಯಿಲ್ಲದ ಮಾತು ಅಂತ ನಾವು ಹೇಳೋದಿಲ್ಲ. ಪ್ರೀತಿ ಇದ್ದದ್ದಕ್ಕೇ ಕಣ್ಣನ್ನು ಬಿಡಿಸಿಕೊಂಡ. ಏನೂ ಇಲ್ಲದವನು ತನ್ನ ಮಗನಿಗಾಗಿ ಮಾಡಿದ ಚೌಕಾಸಿ ಅದು. ಅವನ ಬದುಕಿನಲ್ಲಿ ಕೂಳಾಗಲಿ, ಕೂಲಿಯಾಗಲಿ, ಬುದ್ಧಿಯಾಗಲಿ ಏಟಿಲ್ಲದೆ ಬಂದದ್ದೇ ಇಲ್ಲ. ಏಟು ಅವನಿಗೆ ಮಳೆ ಬಿಸಿಲಿನ ಹಾಗೆ ಇದ್ದೇ ಇರೋದು. ಇದ್ದೇ ಇರೋದರಲ್ಲಿ ಏನಾದರೂ ಉಳಿಸಿಕೊಳ್ಳೋಣ ಅಂತ ಕಣ್ಣು ಕೇಳಿದ. ಯಾಕೆಂದರೆ ಓದೋದಕ್ಕೆ ಕಣ್ಣು ಬೇಕು. ಕೈ ಹೋದರೆ, ಬೆನ್ನು ಸುಲಿದರೆ, ಕಿವಿ ಕೇಳದೇ ಹೋದರೆ ಹೇಗೋ ನಡೆಯುತ್ತೆ!

ಪುರಾಣದಲ್ಲಿ ಏಕಲವ್ಯ ಹೆಬ್ಬೆರಳನ್ನು ತಾನೇ ಕೊಯ್ದು ಕೊಟ್ಟ. ಅವನೇ ಒಪ್ಪಿ ಕೊಟ್ಟನಲ್ಲ, ದ್ರೋಣರದೇನು ತಪ್ಪು ಅಂತ ವಾದಿಸುವ ಪಂಡಿತರು ಇಂದಿಗೂ ಇದ್ದಾರೆ. ನಮ್ಮ ಅಪ್ಪಂದಿರು ಒತ್ತಿದ ಹೆಬ್ಬೆಟ್ಟೂ ಅಂಥದ್ದೇ ಒಪ್ಪಿಗೆ. ಬೇಡ ಅನ್ನೋದಕ್ಕೆ ದಾರಿಯೇ ಇಲ್ಲದ ಕಡೆ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಅಂತ ಕರೆಯುವುದೇ ಒಂದು ಮೋಸ. ಈ ಮೋಸಕ್ಕೆ ಕಾನೂನಿನ ಬಲವೂ ಇತ್ತು. 1860ರ ಭಾರತೀಯ ದಂಡ ಸಂಹಿತೆಯ 89ನೇ ಕಲಂ ಏನು ಹೇಳುತ್ತಿತ್ತು? 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಪೋಷಕರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ. ಹೊಡೆದ ಮೇಷ್ಟ್ರುಗಳ ಪರವಾಗಿ ಕೋರ್ಟುಗಳಲ್ಲಿ ಈ ಕಲಮನ್ನು ಎತ್ತಿ ಹಿಡಿದವರುಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಮಾತು ಹೆಚ್ಚುಕಡಿಮೆ ಹಾಗೇ ಉಳಿದಿದೆ. ಸದುದ್ದೇಶ! ನಮ್ಮ ಬೆನ್ನ ಮೇಲೆ ಬಿದ್ದ ಏಟುಗಳೆಲ್ಲ ಸದುದ್ದೇಶದವೇ. ಧಣಿ ಕಂಬಕ್ಕೆ ಕಟ್ಟಿ ಹೊಡೆದದ್ದೂ "ಆಳಿಗೆ ಬುದ್ಧಿ ಬರಲಿ" ಅಂತಲೇ.

ಆದರೆ ಎಲ್ಲ ಅಪ್ಪಂದಿರೂ ಹೆಬ್ಬೆಟ್ಟು ಕೊಡಲಿಲ್ಲ. ಹಿಂದಿಯ ದಲಿತ ಲೇಖಕ ಓಂಪ್ರಕಾಶ್ ವಾಲ್ಮೀಕಿ 1997ರಲ್ಲಿ ಬಂದ ತಮ್ಮ ಆತ್ಮಕಥೆ 'ಜೂಠನ್'ನಲ್ಲಿ ಒಂದು ಪ್ರಸಂಗ ಹೇಳಿದ್ದಾರೆ. ಹೆಡ್‌ಮಾಸ್ತರ ಆ ಹುಡುಗನನ್ನು ಪಾಠಕ್ಕೆ ಕೂರಿಸದೆ, ನಿಮ್ಮ ಜಾತಿಯ ಕಸುಬು ಇದೇ ಅಂತ ದಿನಗಟ್ಟಲೆ ಶಾಲೆಯ ಅಂಗಳ ಗುಡಿಸಲು ಹಚ್ಚಿದ್ದ. ದಾರಿಯಲ್ಲಿ ಹೋಗುತ್ತಿದ್ದ ಅಪ್ಪನ ಕಣ್ಣಿಗೆ ಮಗ ಬಿದ್ದ. ಅಪ್ಪ ಒಳಗೆ ಬಂದು ಪೊರಕೆ ಕಿತ್ತು ಬಿಸಾಕಿ ಹೆಡ್‌ಮಾಸ್ತರನ ಎದುರು ಗುಡುಗಿದ. ಅವನೂ ಅಕ್ಷರ ಬಲ್ಲವನಲ್ಲ. ಅವನಿಗೂ ಊರಿನವರ ಹಂಗು ಇತ್ತು. ಆದರೂ ಅಷ್ಟು ಹೊತ್ತು ಆ ಶಾಲೆಯ ಅಂಗಳದಲ್ಲಿ ಮಗುವಿನ ಮೈ ಮಗುವಿನದೇ ಆಗಿತ್ತು. ಅಂಥ ಅಪ್ಪನೂ ಇರಬಹುದು ಎಂಬುದನ್ನು ನಾವು ಬಹಳ ತಡವಾಗಿ ಓದಿ ತಿಳಿದೆವು.

ಇನ್ನು ನಮ್ಮ ಮೇಲೆ ಬಿದ್ದ ಏಟುಗಳ ವಿಚಾರಕ್ಕೆ ಬರೋಣ. ಹುಣಸೆ ಬರಲು, ಹೊಂಗೆ ಬರಲು, ಬೆತ್ತ, ಡಸ್ಟರು, ಅಡಿಕೋಲು. ಮಂಡಿ ಊರಿಸೋದು, ಬಸ್ಕಿ ಹೊಡೆಸೋದು, ಗೋಡೆ ಕುರ್ಚಿ ಕೂರಿಸೋದು, ತೊಡೆ ಗಿಂಡೋದು, ಬಿಸಿಲಲ್ಲಿ ನಿಲ್ಲಿಸೋದು. ಇವು ಎಲ್ಲ ಜಾತಿಯ ಮಕ್ಕಳಿಗೂ ಗೊತ್ತಿರುವ ಪಟ್ಟಿ. ಆದರೆ ಗೊತ್ತಿರುವ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿದ್ದಲ್ಲ. ಪಂಚಾಯ್ತಿ ಮೆಂಬರ ಮಗ ಲೆಕ್ಕ ತಪ್ಪಿದರೆ "ಯಾಕೋ ಮರಿ, ಮನೇಲಿ ಓದಲಿಲ್ವಾ?" ಕೇರಿಯ ಹುಡುಗ ಅದೇ ಲೆಕ್ಕ ತಪ್ಪಿದರೆ ಬರಲು. ಹೊಡೆಯುವಾಗಲೂ ಮೈ ಸೋಕದ ಹಾಗೆ ಉದ್ದನೆ ಕೋಲು ಇಟ್ಟುಕೊಂಡಿದ್ದ ಮೇಷ್ಟ್ರೊಬ್ಬರನ್ನು ನಾವು ಕಂಡಿದ್ದೇವೆ. ಊರಿನ ಹುಡುಗರ ಕಿವಿ ಹಿಂಡುತ್ತಿದ್ದರು. ನಮ್ಮ ಕಿವಿಯನ್ನು ಒಂದು ದಿನವೂ ಹಿಂಡಲಿಲ್ಲ. ಕಿವಿ ಹಿಂಡಿಸಿಕೊಳ್ಳುವ ಹುಡುಗರನ್ನು ನೋಡಿ ನಾವು ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು. ಏಟಿನಲ್ಲೂ ಪಂಕ್ತಿಭೇದ!

ಮುಟ್ಟದೆಯೂ ಹೊಡೆಯುವ ವಿದ್ಯೆ ಇನ್ನೊಂದಿದೆ. "ಎಸ್ಸಿ ಹುಡುಗರೆಲ್ಲ ಎದ್ದು ನಿಲ್ರೋ, ಸ್ಕಾಲರ್‌ಶಿಪ್ ಬಂದದೆ" ಅನ್ನೋ ಕೂಗು. "ನಿಮಗ್ಯಾಕಪ್ಪ ಓದು, ಹೆಂಗೂ ಸರ್ಕಾರ ಕೊಡ್ತದೆ" ಅನ್ನೋ ನಗು. ನಮ್ಮ ಅಕ್ಕತಂಗಿಯರಿಗಂತೂ ಇದು ಇಮ್ಮಡಿ. ಬಟ್ಟೆ ಕೊಳೆ ಅಂತ ಒಂದು ಮಾತು, ತಲೆ ಬಾಚಿಲ್ಲ ಅಂತ ಒಂದು ಮಾತು, ಹೋಗಿ ಸಗಣಿ ಎತ್ತು ಅಂತ ಕೊನೆಯ ಮಾತು. ನಮ್ಮ ಕೇರಿಯಿಂದ ನಮ್ಮ ಜೊತೆ ಶಾಲೆಗೆ ಸೇರಿದವರು ಹದಿನಾಲ್ಕು ಮಂದಿ. ಹತ್ತನೇ ಕ್ಲಾಸು ದಾಟಿದವರು ಮೂವರು. ಇವತ್ತು ಡಿಗ್ರಿ ಪಡೆದ ನಾವು ವೇದಿಕೆ ಮೇಲೆ ನಿಂತು "ಅವತ್ತು ಮೇಷ್ಟ್ರು ಹೊಡೆದದ್ದಕ್ಕೇ ಇವತ್ತು ಹಿಂಗಿದ್ದೀವಿ" ಅಂತೀವಿ. ಚಪ್ಪಾಳೆ ಬೀಳುತ್ತೆ. ಉಳಿದ ಹನ್ನೊಂದು ಮಂದಿಗೆ ಆ ವೇದಿಕೆ ಇಲ್ಲ. ಅವರಲ್ಲಿ ಇಟ್ಟಿಗೆ ಗೂಡಿನಲ್ಲಿರುವವನನ್ನು ಕೇಳಿ, ಗಾರ್ಮೆಂಟ್ಸಿಗೆ ಹೋಗುವವಳನ್ನು ಕೇಳಿ. ಅವರೂ ಅದೇ ಕೋಲಿನ ಏಟು ತಿಂದವರೇ. ಏಟಿನಿಂದಲೇ ವಿದ್ಯೆ ಬರುವುದಾದರೆ ನಮ್ಮ ಕೇರಿಯಷ್ಟು ವಿದ್ಯಾವಂತ ಕೇರಿ ಜಗತ್ತಿನಲ್ಲೇ ಇರಬಾರದಾಗಿತ್ತು!

ನಾವು ಓದಿದ್ದು ಏಟಿನಿಂದಲ್ಲ ಗೆಳೆಯರೆ, ಏಟನ್ನೂ ದಾಟಿ. ಇವೆರಡರ ನಡುವಿನ ವ್ಯತ್ಯಾಸ ತಿಳಿಯದೆ ಹೋದರೆ, ನಮ್ಮನ್ನು ತುಳಿದ ಕಾಲಿಗೇ ನಾವು ಗುರುದಕ್ಷಿಣೆ ಕೊಟ್ಟ ಹಾಗಾಗುತ್ತೆ.

ಇದು ನಿನ್ನೆ ಮೊನ್ನೆಯದಲ್ಲ. 1856ರಲ್ಲಿ ನಮ್ಮದೇ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಮುಂಬೈ ಸರ್ಕಾರಕ್ಕೆ ಅರ್ಜಿ ಕೊಟ್ಟ. ಒಬ್ಬನ ಸಲುವಾಗಿ ಉಳಿದವರಿಗೆ ಶಾಲೆಯೇ ಇಲ್ಲದಂತಾಗುತ್ತದೆ ಅಂತ ಸರ್ಕಾರ ಅವನನ್ನು ಹೊರಗೇ ನಿಲ್ಲಿಸಿತು. ಮುಂದೆ ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂತರು. ನೀರಡಿಸಿದರೆ ನಲ್ಲಿ ಮುಟ್ಟುವ ಹಾಗಿಲ್ಲ, ಶಾಲೆಯ ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಆ ಶಾಲೆಯಲ್ಲಿ ಬೆತ್ತ ಬಿದ್ದಿತೋ ಇಲ್ಲವೋ, ಆ ಬಾಯಾರಿಕೆಯೇ ಬೆತ್ತವಾಗಿತ್ತು. ಮಗುವನ್ನು ಒಳಗೆ ಬಿಟ್ಟುಕೊಳ್ಳದಿರುವುದು, ಒಳಗೆ ಬಿಟ್ಟುಕೊಂಡು ಬೇರೆ ಕೂರಿಸುವುದು, ಜೊತೆಗೆ ಕೂರಿಸಿಕೊಂಡು ಬಡಿಯುವುದು, ಇವು ಮೂರೂ ಒಂದೇ ಮರದ ಕೊಂಬೆಗಳು.

2022ರ ಜುಲೈನಲ್ಲಿ ರಾಜಸ್ಥಾನದ ಜಾಲೋರ್ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಒಂಬತ್ತು ವರ್ಷದ ದಲಿತ ಹುಡುಗನಿಗೆ ಏಟು ಬಿತ್ತು ಅಂತ ದೂರಾಯಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿದ ಮಗು ಆಗಸ್ಟ್ 13ರಂದು ಅಹಮದಾಬಾದಿನಲ್ಲಿ ತೀರಿಕೊಂಡಿತು. ಎರಡು ದಿನ ಕಳೆದರೆ ಸ್ವಾತಂತ್ರ್ಯಕ್ಕೆ 75 ವರ್ಷ ತುಂಬಿದ ಹಬ್ಬ. ಮೇಷ್ಟ್ರ ನೀರಿನ ಮಡಕೆ ಮುಟ್ಟಿದ್ದಕ್ಕೆ ಹೊಡೆದರು ಎಂಬುದು ಮನೆಯವರ ದೂರು. ಮಡಕೆಯೇ ಇರಲಿಲ್ಲ ಎಂಬುದು ಶಾಲೆಯ ಕಡೆಯ ಮಾತು. ಮೇಷ್ಟ್ರ ಬಂಧನವಾಯಿತು. ಆಮೇಲೆ ದೇಶವೆಲ್ಲ ಮಡಕೆಯ ಬಗ್ಗೆ ಮಾತಾಡಿತು. ಮಡಕೆ ಇತ್ತೇ, ಇರಲಿಲ್ಲವೇ? ಹುಡುಗರ ಜಗಳಕ್ಕೆ ಹೊಡೆದದ್ದೇ, ಜಾತಿಗೆ ಹೊಡೆದದ್ದೇ? ಜಾತಿಯ ಕ್ರೌರ್ಯ ಇತ್ತೇ ಅಂತ ತನಿಖೆ ಆಗಲೇಬೇಕು, ಅದನ್ನು ನಾವು ಬಿಟ್ಟುಕೊಡುವವರಲ್ಲ. ಆದರೆ ಆ ಚರ್ಚೆಯ ಒಳಗೆ ಇನ್ನೊಂದು ಮಾತು ಸದ್ದಿಲ್ಲದೆ ಕೂತಿತ್ತು. ಮಡಕೆಗಾಗಿ ಹೊಡೆದರೆ ಮಹಾಪರಾಧ, ಚೇಷ್ಟೆಗಾಗಿ ಹೊಡೆದರೆ ಅದು ಶಾಲೆಯ ಮಾಮೂಲು! ಈ ಮಾಮೂಲನ್ನು ಯಾರೂ ಪ್ರಶ್ನಿಸಲಿಲ್ಲ. ಜಾತಿಯ ಏಟು ಅಡಗಿ ಕೂರುವುದು ಈ ಮಾಮೂಲಿನ ಮರೆಯಲ್ಲೇ. ಎಲ್ಲರಿಗೂ ಹೊಡೆಯುವ ಹಕ್ಕು ಮೇಷ್ಟ್ರಿಗಿದೆ ಅಂತ ಒಪ್ಪಿಕೊಂಡ ಮೇಲೆ, ನಮ್ಮ ಮಗುವಿಗೆ ಯಾಕೆ ಹೊಡೆದಿರಿ ಅಂತ ಕೇಳೋದು ಬರೀ ಲೆಕ್ಕಾಚಾರದ ಪ್ರಶ್ನೆ ಆಗುತ್ತೆ.

ಆದ್ದರಿಂದ ನಮ್ಮ ಮಾತು ಇಷ್ಟು. ಜಾತಿಯ ಏಟು ಬೇರೆ, ಶಿಸ್ತಿನ ಏಟು ಬೇರೆ ಅಂತ ಎರಡು ಕೋಲುಗಳಿಲ್ಲ. ಒಬ್ಬರ ಮೈ ಮೇಲೆ ಇನ್ನೊಬ್ಬರಿಗೆ ಹುಟ್ಟಿನಿಂದಲೋ ಹುದ್ದೆಯಿಂದಲೋ ಅಧಿಕಾರವಿದೆ ಎಂಬ ನಂಬಿಕೆಯೇ ಆ ಕೋಲಿನ ತಿರುಳು. ಈ ನಂಬಿಕೆಯನ್ನು ಈ ನೆಲಕ್ಕೆ ಕಲಿಸಿದ್ದು ವರ್ಣವ್ಯವಸ್ಥೆ. ಬಾಬಾಸಾಹೇಬರು ಇದನ್ನು ಶ್ರೇಣೀಕೃತ ಅಸಮಾನತೆ ಅಂದರು. ಪ್ರತಿಯೊಬ್ಬನಿಗೂ ತನಗಿಂತ ಕೆಳಗೆ ಒಬ್ಬ ಇದ್ದಾನೆ ಎಂಬ ಸಮಾಧಾನವೇ ಆ ಏಣಿಯನ್ನು ಬೀಳದ ಹಾಗೆ ಹಿಡಿದಿದೆ. ನಾವು ಆ ಏಣಿಯ ತಳದಲ್ಲಿ ನಮ್ಮನ್ನೇ ಕಂಡೆವು. ಇನ್ನೂ ಬಗ್ಗಿ ನೋಡಿದ್ದರೆ ನಮ್ಮ ಕಾಲ ಕೆಳಗೂ ಒಂದು ಮೆಟ್ಟಿಲು ಕಾಣುತ್ತಿತ್ತು. ಅಲ್ಲಿ ನಿಂತಿರುವುದು ಮಗು.

ಕಾನೂನು ಇಲ್ಲವೇ ಅಂತ ಕೇಳಿದರೆ, ಇದೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿತು. ಶಾಲೆಯಲ್ಲಿ ಹೊಡೆಯಲು ಅವಕಾಶ ಕೊಟ್ಟಿದ್ದ ನಿಯಮವನ್ನು ದಿಲ್ಲಿ ಹೈಕೋರ್ಟು 2000ದ ಡಿಸೆಂಬರಿನಲ್ಲಿ ಹೊಡೆದುಹಾಕಿತು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನ 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿತ್ತು. ಶಾಲೆಗೆ ಹೋಗುವ ಮೂವರಲ್ಲಿ ಇಬ್ಬರು, ಅಂದರೆ ಶೇಕಡಾ 65 ಮಕ್ಕಳು, ಏಟಿನ ಶಿಕ್ಷೆ ಉಂಡವರು ಅಂತ ಅದರಲ್ಲಿ ಗೊತ್ತಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಆ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ನಾವು ಆಗ ನಾಲ್ಕನೇ ಕ್ಲಾಸು. ಕಾಯ್ದೆ ಬಂದ ಸುದ್ದಿ ನಮ್ಮ ಶಾಲೆಯ ಬೆತ್ತಕ್ಕೆ ತಲುಪಲೇ ಇಲ್ಲ. ಅಪ್ಪ ಜೀತಕ್ಕೆ ಸೇರಿದಾಗಲೂ ಜೀತ ರದ್ದಾಗಿತ್ತಲ್ಲ, ಹಾಗೇ. ಕಾನೂನಿನಲ್ಲಿ ಕಂಡಿಯೂ ಇದೆ. ಈ ಕಾಯ್ದೆಯ ಮಗು ಎಂದರೆ 6ರಿಂದ 14 ವರ್ಷದವರು. ಒಂಬತ್ತನೆಯ, ಹತ್ತನೆಯ ಕ್ಲಾಸಿನ ಮೈ ಅದರ ಕೊಡೆಯ ಹೊರಗೆ ನೆನೆಯುತ್ತದೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗೋಕೆ ನಮಗೆ ಆಗೋದಿಲ್ಲ. ನಮ್ಮ ಹಿರಿಯರು "ಹೆಂಡ ಬೇಡ, ವಸತಿ ಶಾಲೆ ಬೇಕು" ಅಂತ ಬೀದಿಯಲ್ಲಿ ಕೂಗಿದವರು. ತಮಟೆ ಹೊಡೆದು, ಲಾಠಿ ಏಟು ತಿಂದು, ಆ ಕೂಗನ್ನು ಕೇರಿಯಿಂದ ಕೇರಿಗೆ ಹೊತ್ತರು. ವಸತಿ ಶಾಲೆಗಳು ಬಂದವು. ನಮ್ಮಲ್ಲಿ ಎಷ್ಟೋ ಜನ ಆ ಶಾಲೆಗಳ ಅನ್ನ ಉಂಡು ಬೆಳೆದವರು, ಆ ಋಣವನ್ನು ಮರೆಯುವುದಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಹೊರಬಂತು. ದಲಿತ ಮಕ್ಕಳು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಗೆ ಆಗ ಹತ್ತು ವರ್ಷ. ಪ್ರಾಂಶುಪಾಲರ ಬಂಧನವಾಯಿತು, ಮಂತ್ರಿಗಳು ಬಂದು ಹೋದರು. ಅದೇ ತಿಂಗಳು ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಲಿ ಕಕ್ಕಸು ತೊಳೆಸಿದ ಸುದ್ದಿಯೂ ಬಂತು. ಗುಂಡಿಯಿಂದ ಮೇಲೆತ್ತಬೇಕಾದ ಶಾಲೆಯೇ ಗುಂಡಿಗೆ ಇಳಿಸಿದಾಗ, ನಾವು ಕೇಳಿದ್ದೇನು, ನಮಗೆ ಸಿಕ್ಕಿದ್ದೇನು? ಕಟ್ಟಡ ಕೇಳಿದೆವು, ಕಟ್ಟಡ ಕೊಟ್ಟರು. ಆ ಕಟ್ಟಡದ ಒಳಗೆ ನಮ್ಮ ಮಕ್ಕಳ ಮೈಗೆ ಏನು ಮರ್ಯಾದೆ ಅಂತ ಬರೆದುಕೊಡಿ ಅನ್ನೋದನ್ನ ಕೇಳೋದು ಮರೆತೆವು.

ಇಷ್ಟು ಹೊತ್ತು ಬೇರೆಯವರ ಕೋಲಿನ ಮಾತಾಯಿತು. ಇನ್ನು ನಮ್ಮ ಕೋಲಿನ ಮಾತು. ಈ ಬರಹದಲ್ಲಿ 'ನಾವು' ಅಂತ ಬರೆಯುತ್ತಾ ಬಂದದ್ದು ಮರೆಯಲ್ಲಿ ನಿಲ್ಲುವುದಕ್ಕಲ್ಲ. ಇಲ್ಲಿಂದ ಮುಂದೆ ಆ 'ನಾವು' ನಮ್ಮನ್ನೇ ಬೊಟ್ಟು ಮಾಡಿ ತೋರಿಸಬೇಕು.

ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಊರಿಗೆ ಬಂದ ವರ್ಷ ಕೇರಿಯ ಅಂಬೇಡ್ಕರ್ ಭವನದಲ್ಲಿ ಸಂಜೆ ಪಾಠ ಶುರು ಮಾಡಿದೆವು. ಇಪ್ಪತ್ತು ಮಕ್ಕಳು, ಒಂದು ಬಲ್ಬು, ಒಂದು ಕರಿಹಲಗೆ. ಹಗಲು ಬಸ್‌ಸ್ಟ್ಯಾಂಡಿನಲ್ಲಿ ಕೂತು ಕವಿತೆ ಬರೆದು ಸಂಜೆ ಬಂದು ಮಗ್ಗಿ ಹೇಳಿಕೊಡುತ್ತಿದ್ದೆವು. ಒಂದು ದಿನ ಒಂಬತ್ತು ವರ್ಷದ ಒಬ್ಬ ಹುಡುಗ ಏಳರ ಮಗ್ಗಿಯಲ್ಲಿ ನಾಲ್ಕನೇ ಸಲ ತಪ್ಪಿದ. ಅವತ್ತು ಬೆಳಿಗ್ಗೆ ನಾವು ಒಂದು ಕೆಲಸದ ಸಂದರ್ಶನಕ್ಕೆ ಹೋಗಿ, ಜಾತಿ ಕೇಳಿಸಿಕೊಂಡು, ಸುಮ್ಮನೆ ಎದ್ದು ಬಂದಿದ್ದೆವು. ಬಾಗಿಲ ಹತ್ತಿರ ಹೊಂಗೆಯ ಬರಲು ಬಿದ್ದಿತ್ತು. ಹೇಗೆ ಕೈಗೆ ಬಂತೋ! ಎತ್ತಿ ಅವನ ಬಲಗೈಗೆ ಹೊಡೆದೆವು.

ಅವನು ಅಳಲಿಲ್ಲ. ಬಲಗೈಯನ್ನು ಚಡ್ಡಿಗೆ ಒರೆಸಿಕೊಂಡು ಎಡಗೈ ಚಾಚಿದ. ನಾವು ಕೇಳಿರಲಿಲ್ಲ. ಅವನೇ ಚಾಚಿದ. ಒಂದು ಕೈಗೆ ಬಿದ್ದ ಮೇಲೆ ಇನ್ನೊಂದು ಕೈಗೆ ಬೀಳಬೇಕು ಎಂಬ ಪಾಠ ಅವನಿಗೆ ಚೆನ್ನಾಗಿ ಬಂದಿತ್ತು. ಏಳರ ಮಗ್ಗಿ ಬಂದಿರಲಿಲ್ಲ.

ಆ ಎಡಗೈಯನ್ನು ನಾವು ಮರೆಯಲಾರೆವು. ಅಪ್ಪ ಒತ್ತಿದ ಹೆಬ್ಬೆಟ್ಟು ಅಲ್ಲಿತ್ತು. ತಾತ ಜಗಲಿಯ ಕೆಳಗೆ ನಿಂತ ನಿಲುವು ಅಲ್ಲಿತ್ತು. ಶಾಲೆ ಅವನಿಗೆ ನಾಲ್ಕು ವರ್ಷದಲ್ಲಿ ಕಲಿಸಿದ್ದು ಕೈ ಚಾಚುವುದನ್ನ. ನಾಳೆ ಅವನು ಯಾವ ಧಣಿಯ ಮುಂದೆ ಚಾಚುತ್ತಾನೆ, ಯಾವ ಪೊಲೀಸಿನವನ ಮುಂದೆ ಚಾಚುತ್ತಾನೆ? "ನನ್ನ ಮೈ ಮುಟ್ಟಬೇಡ" ಅಂತ ಒಂದು ಸಲವೂ ಅನ್ನೋಕೆ ಬಾರದ ಮಗುವಿಗೆ ನಾವು ಯಾವ ಸ್ವಾಭಿಮಾನದ ಹಾಡು ಕಲಿಸಬೇಕು? ನೀರು ಮುಟ್ಟುವ ಹಕ್ಕಿಗಾಗಿ ಬಡಿದಾಡಿದವರ ಫೋಟೋ ಗೋಡೆ ಮೇಲಿತ್ತು. ಅದರ ಕೆಳಗೆ ನಿಂತು ನಾವು ಬೆಳಿಗ್ಗೆ ತಿಂದ ಅವಮಾನವನ್ನು ಸಂಜೆ ಅವನ ಕೈಗೆ ದಾಟಿಸಿದ್ದೆವು.

ಇದಕ್ಕೆ ನಮ್ಮಲ್ಲಿ ಒಂದು ಸಮರ್ಥನೆ ಸಿದ್ಧವಿತ್ತು. ನಮ್ಮ ಮೇಷ್ಟ್ರು ಹೊಡೆದದ್ದು ಜಾತಿಯ ಹಗೆಯಿಂದ, ನಾವು ಹೊಡೆದದ್ದು ಪ್ರೀತಿಯಿಂದ. ನಮ್ಮ ಹುಡುಗ ಮುಂದೆ ಬರಲಿ ಅಂತ. ಈ ಮಾತನ್ನು ಎರಡು ದಿನ ನಂಬಿದೆವು ಕೂಡಾ. ಆಮೇಲೆ ಇದು ಎಲ್ಲೋ ಕೇಳಿದ ಮಾತು ಅನ್ನಿಸಿತು. 89ನೇ ಕಲಂನ ಸದುದ್ದೇಶ ಇದೇ ಅಲ್ಲವೇ! ಹೊಡೆಯುವವನು ತನ್ನ ಮನಸ್ಸಿನೊಳಗೆ ಏನಿದೆ ಅಂತ ತಾನೇ ಸಾಕ್ಷಿ ಹೇಳುತ್ತಾನೆ. ಹೊಡೆಸಿಕೊಳ್ಳುವ ಮೈಯನ್ನು ಯಾರೂ ಕೇಳುವುದಿಲ್ಲ. ಬಲಗೈಗೆ ಗೊತ್ತಿದ್ದದ್ದು ಬರಲು ಮಾತ್ರ. ಅದರ ಹಿಂದಿನ ಪ್ರೀತಿ ಅದಕ್ಕೆ ಗೊತ್ತಾಗಲಿಲ್ಲ.

ಹಾಗಾದರೆ ಸಿಟ್ಟೇ ಬೇಡವೇ? ಬಂಡಾಯದ ಮಾತಾಡುವವರು, ರೊಚ್ಚಿನ ಕವಿತೆ ಬರೆಯುವವರು ಹೀಗೆ ಕೇಳಬಹುದು. ಬೇಕು. ಸಿಟ್ಟಿಲ್ಲದೆ ಹೋಗಿದ್ದರೆ ನಾವು ಇವತ್ತಿಗೂ ಜಗಲಿಯ ಕೆಳಗೇ ಇರುತ್ತಿದ್ದೆವು. ಆದರೆ ಸಿಟ್ಟಿಗೂ ಒಂದು ದಿಕ್ಕಿದೆ. ಬಂಡಾಯದ ಸಿಟ್ಟು ತನ್ನ ತಲೆಯ ಮೇಲೆ ಕೂತವನ ಕಡೆ ಹೋಗುತ್ತೆ, ಹೋದದ್ದಕ್ಕೆ ಬೆಲೆ ತೆರುತ್ತೆ. ಏಟಿನ ಸಿಟ್ಟು ತಿರುಗಿ ಹೊಡೆಯಲಾರದವನ ಕಡೆ ಹೋಗುತ್ತೆ, ಪುಕ್ಕಟೆಯಾಗಿ ಹೋಗುತ್ತೆ. ಸಂದರ್ಶನ ಮಾಡಿದವನ ಮುಂದೆ ಬಾಯಿ ಬಿಡದ ನಾವು ಒಂಬತ್ತು ವರ್ಷದವನ ಮುಂದೆ ಗಂಡಸರಾದೆವು. ಅದು ಬಂಡಾಯವಲ್ಲ, ಹೇಡಿತನ.

ಹಳ್ಳಿಯ ಮೇಷ್ಟ್ರುಗಳು ಈ ಪತ್ರಿಕೆ ಓದುತ್ತಾರೆ. ಅವರಲ್ಲಿ ಅನೇಕರು ನಮ್ಮ ಕೇರಿಗಳಿಂದಲೇ ಹೋದವರು. ಅವರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಒಬ್ಬರೋ ಇಬ್ಬರೋ ಮೇಷ್ಟ್ರು, ಐದು ಕ್ಲಾಸು. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ. ಚುನಾವಣೆ ಬಂದರೆ ಚುನಾವಣೆ, ಗಣತಿ ಬಂದರೆ ಗಣತಿ. ಮೇಲಿನ ಆಫೀಸಿನಿಂದ ಬೈಗುಳ ಬೇರೆ. ಐದು ಕ್ಲಾಸನ್ನು ಒಟ್ಟಿಗೆ ಸುಮ್ಮನೆ ಕೂರಿಸೋಕೆ ಎಲ್ಲಕ್ಕಿಂತ ಅಗ್ಗದ ಸಾಧನ ಕೋಲು. ಅದು ಅಗ್ಗ ಅನ್ನೋದನ್ನ ನಾವು ಒಪ್ಪುತ್ತೇವೆ. ಆದರೆ ಅದರ ಬೆಲೆ ತೆರುವವರು ಯಾರು? ಸರ್ಕಾರ ಕೊಡಬೇಕಾದ ಮೇಷ್ಟ್ರನ್ನು ಕೊಡದೆ ಉಳಿಸಿದ ದುಡ್ಡನ್ನು ಮಕ್ಕಳ ಬೆನ್ನಿನಿಂದ ವಸೂಲಿ ಮಾಡಿದ ಹಾಗಲ್ಲವೇ? ಮೇಷ್ಟ್ರು ಕೋಲು ಕೆಳಗಿಡಬೇಕು. ಇಟ್ಟ ಮೇಲೆ ಇನ್ನೊಬ್ಬ ಮೇಷ್ಟ್ರಿಗಾಗಿ, ಕ್ಲಾಸಿಗೊಂದು ಕೋಣೆಗಾಗಿ ಅವರ ಜೊತೆ ನಾವೂ ಆಫೀಸಿನ ಮುಂದೆ ಕೂರಬೇಕು. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಟ್ಟರೆ ನಮ್ಮ ಮಾತೂ ಬರೀ ಉಪದೇಶ.

ಸಂಘಟನೆಯ ಗೆಳೆಯರಿಗೆ ಒಂದೆರಡು ಮಾತು. ಊರೂರಿನ ಶಾಲೆಯಲ್ಲಿ ಎಸ್‌ಡಿಎಂಸಿ ಇದೆ, ಅದರಲ್ಲಿ ತಂದೆತಾಯಿಗಳಿಗೆ ಜಾಗವಿದೆ. ನಮ್ಮವರು ಅಲ್ಲಿ ಸಹಿ ಹಾಕಿ ಟೀ ಕುಡಿದು ಬರುವುದು ಸಾಕು. ಈ ಶಾಲೆಯಲ್ಲಿ ಮಗುವಿನ ಮೈ ಮುಟ್ಟುವ ಹಾಗಿಲ್ಲ, ಜಾತಿ ಹಿಡಿದು ಕರೆಯುವ ಹಾಗಿಲ್ಲ, ಯಾವ ಮಗುವಿನ ಕೈಗೂ ಕಕ್ಕಸಿನ ಪೊರಕೆ ಕೊಡುವ ಹಾಗಿಲ್ಲ ಅಂತ ಅಲ್ಲಿ ಬರೆಸಬೇಕು. ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಭಾಷಣ ಮಾಡೋದನ್ನ ನಿಲ್ಲಿಸಿ ಮಕ್ಕಳ ಬಾಯಿ ಬಿಡಿಸಬೇಕು. 1098 ಅನ್ನೋ ಮಕ್ಕಳ ಸಹಾಯವಾಣಿಯ ನಂಬರನ್ನು ಕೇರಿಯ ಗೋಡೆ ಮೇಲೆ ದೊಡ್ಡದಾಗಿ ಬರೆಯಬೇಕು. ಇವೆಲ್ಲಕ್ಕೂ ಮೊದಲು ಒಂದು ಕೆಲಸ ನಮ್ಮ ಮನೆಯೊಳಗೇ ಇದೆ. ಮನೆಯಲ್ಲಿ ಅಪ್ಪನ ಕೈಲಿ ಬೆಲ್ಟು ಇದ್ದರೆ ಮಗು ಶಾಲೆಯ ಬೆತ್ತದ ಬಗ್ಗೆ ಯಾರಿಗೆ ಹೇಳಬೇಕು? ಎಡಗೈ ಚಾಚೋದನ್ನ ಮಗು ಶಾಲೆಯಲ್ಲಿ ಮಾತ್ರ ಕಲಿಯೋದಿಲ್ಲ.

ಆ ಹುಡುಗನ ಹತ್ತಿರ ಮೂರನೇ ದಿನ ತಪ್ಪಾಯ್ತು ಅಂದೆವು. ಇಪ್ಪತ್ತು ಮಕ್ಕಳ ಮುಂದೆಯೇ ಅಂದೆವು. ಅವನಿಗೆ ಅರ್ಥವಾಗಲಿಲ್ಲ. "ನೀವೇನ್ ಮಾಡಿದ್ರಿ ಸಾ?" ಅಂದ. ಉಳಿದವರು ನಕ್ಕರು. ದೊಡ್ಡವರು ಚಿಕ್ಕವರ ಹತ್ತಿರ ತಪ್ಪಾಯ್ತು ಅನ್ನೋದನ್ನ ಅವರು ಕೇಳಿಯೇ ಇರಲಿಲ್ಲ. ಆಮೇಲೆ ಏಳರ ಮಗ್ಗಿಯನ್ನು ಹುಣಸೆ ಬೀಜ ಇಟ್ಟುಕೊಂಡು ಏಳೇಳರ ಗುಂಪು ಮಾಡಿ ಹೇಳಿಕೊಟ್ಟೆವು. ಅದಕ್ಕೆ ಎಂಟು ದಿನ ಹಿಡಿಯಿತು. ಬರಲಿಗೆ ಒಂದು ಕ್ಷಣ ಸಾಕಾಗಿತ್ತು. ಕಲಿಸೋದು ನಿಧಾನದ ಕೆಲಸ, ಹೊಡೆಯೋದು ಅವಸರದ ಕೆಲಸ. ನಮ್ಮ ಜನರ ಬಿಡುಗಡೆಯೂ ನಿಧಾನದ ಕೆಲಸವೇ ಅಲ್ಲವೇ?

ಅಪ್ಪನಿಗೆ ಈಗ ವಯಸ್ಸಾಗಿದೆ. ಈ ಬರಹವನ್ನು ಅವನಿಗೆ ಓದಿ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದ. "ಅವತ್ತು ಕಣ್ಣು ಒಂದೇ ಕೇಳಕ್ಕ ಧೈರ್ಯ ಬಂತು ಕಣ್ಲ" ಅಂದ. ಅವನಿಗೆ ಅಷ್ಟು ಧೈರ್ಯ ಸಾಕಾಗಿತ್ತು. ನಮಗೆ ಸಾಲದು. ನಾಳೆ ನಮ್ಮ ಕೇರಿಯ ಯಾವುದೇ ಅಪ್ಪ, ಯಾವುದೇ ಅವ್ವ ಮಗುವಿನ ಕೈಹಿಡಿದು ಶಾಲೆಯ ಬಾಗಿಲಿಗೆ ಹೋದಾಗ ಇಡೀ ಮೈಯನ್ನು ಕೇಳಬೇಕು.

ಕೇಳುವುದೂ ಅಲ್ಲ, ಹೇಳಬೇಕು. "ಮೇಷ್ಟ್ರೇ, ಇವನಿಗೆ ಅಕ್ಷರ ಕಲಿಸಿ. ಇವನ ಮೈ ಇವನದು."